ಮಂತ್ರಿಯ ಸಾಲು ಬರೆಯುವವಳು

ಸೋಮವಾರ, ಮಾರ್ಚ್ 3. ಬೆಳಿಗ್ಗೆ 6.50
ಏಳು ಪೇಪರ್ ಓದಿ ಮುಗಿಸಿದೆ. ಮೂರು ಫೋನ್. ಬ್ರೆಡ್ಡು, ಕಂದು ಚೀಸ್ — ಮೇಜಿನ ಮೇಲೇ. ಓಸ್ಲೋದಲ್ಲಿ, ಕಾರ್ಮಿಕ ಮಂತ್ರಿ ಹಾಲ್ವಾರ್‌ನ ಪತ್ರಿಕಾ ಕಾರ್ಯದರ್ಶಿಯಾಗಿ ಆರನೇ ವರ್ಷ. ಅವನ ಬಾಯಿ ನಾನು. ನನಗೆ ಬಾಯಿಲ್ಲ.

ಮಧ್ಯಾಹ್ನ
ಉತ್ತರದ ಸ್ಕಾರ್ವಿಕದ ಮೀನು ಕಾರ್ಖಾನೆಯಲ್ಲಿ ಅಮೋನಿಯಾ ಸೋರಿ ಮೂವರು ಹೆಂಗಸರು ಸತ್ತರು. ಮೀನು ಸೀಳುವವರು. ಹಾಲ್ವಾರ್‌ನನ್ನು ಕೇಳಿದೆ:
"ಮೊದಲೇ ಯಾರಾದ್ರೂ ದೂರು ಕೊಟ್ಟಿದ್ರಾ?"
"ಇಲ್ಲ ಇಂಗುನ್, ಬರೆದುಬಿಡು."
ಪತ್ರಿಕಾ ಹೇಳಿಕೆ ಬರೆದೆ: 'ಇಲಾಖೆಗೆ ಯಾವ ಎಚ್ಚರಿಕೆಯೂ ಬಂದಿರಲಿಲ್ಲ.' ಟಪಾಲು ಪಟ್ಟಿ ನೋಡಲಿಲ್ಲ. ಇಲಾಖೆಗೆ ಬಂದ ಒಂದೊಂದು ಕಾಗದವೂ ಆ ಪಟ್ಟಿಗೆ ಏರುತ್ತದೆ, ದಾರಿಹೋಕನೂ ತೆರೆದು ನೋಡಬಹುದು. ಗೊತ್ತಿದ್ದೂ ನೋಡಲಿಲ್ಲ.

ಮಂಗಳವಾರ, ಮಾರ್ಚ್ 4
ಬೆರಿಟ್ ಫೋನ್. ಕಾರ್ಮಿಕ ಸಂಘದ ಪತ್ರಿಕೆಯಲ್ಲಿ ಒಂಬತ್ತು ವರ್ಷ ಎದುರುಬದುರು ಕೂತು ಬರೆದವರು ನಾವು. ಅವಳು ಅಲ್ಲೇ ಉಳಿದಳು.
"ಜನವರಿ ಹದಿನಾಲ್ಕು. ಸ್ಕಾರ್ವಿಕ ಕಾರ್ಮಿಕ ಸಂಘದ ಕಾಗದ. ಪೈಪು ತುಕ್ಕು ಹಿಡಿದಿದೆ, ಯಾರಾದ್ರೂ ಸಾಯ್ತಾರೆ ಅಂತ. ನಿಮ್ಮ ಪಟ್ಟಿಯಲ್ಲೇ ಇದೆ ಕಣೇ."
"ವಿಚಾರಿಸಿ ಹೇಳ್ತೀನಿ."
"ಆಹಾ! ಮಂತ್ರಿ ಮನೆ ಗಿಳಿ ಚೆನ್ನಾಗಿ ಕಲಿತಿದೆ." ಇಟ್ಟುಬಿಟ್ಟಳು.

ಕಡತ ತರಿಸಿದೆ. ಕಾಗದಕ್ಕೆ ಸಿಕ್ಕಿಸಿದ ಒಳ ಟಿಪ್ಪಣಿ: 'ಓದಿದೆ. ಉತ್ತರ ಬೇಡ. ಜ. 17.' ಹಾಲ್ವಾರ್‌ನ ಕೈಬರಹ. ಒಳ ಟಿಪ್ಪಣಿ ಮಾತ್ರ ಜನರಿಗೆ ತೋರಿಸಬೇಕಾಗಿಲ್ಲ — ಕಾನೂನಿನ ಕೃಪೆ.

ಅವನ ಕೋಣೆಗೆ ಹೋದೆ. ಬಾಗಿಲು ಹಾಕಿದ.
"ಸೋಮವಾರ ಪತ್ರಿಕಾಗೋಷ್ಠಿ. ಪಟ್ಟಿ ನೋಡದೆ ಬರೆದೆ ಅಂತ ನೀನೇ ಹೇಳಿಬಿಡು. ನಿಜ ತಾನೆ?"
"ಆ ಕಾಗದ ನೀನು ಓದಿದ್ದೆ, ಹಾಲ್ವಾರ್."
"ದಿನಕ್ಕೆ ಇನ್ನೂರು ಓದ್ತೀನಿ! ನೀನು ಹೋದ್ರೆ ಬೇರೆ ಕಡೆ ಕೆಲಸ ಕೊಡಿಸಬಹುದು. ನಾನು ಹೋದ್ರೆ ಸರ್ಕಾರ ಅಲ್ಲಾಡುತ್ತೆ."
ಇಲ್ಲಿ ಮಂತ್ರಿಯನ್ನೂ ಹೆಸರು ಹಿಡಿದು ಕರೆಯುತ್ತೇವೆ. ಅದನ್ನೇ ಸಮಾನತೆ ಎಂದುಕೊಂಡು ಬದುಕಿದ್ದೇವೆ. ಥೂ.

ಶುಕ್ರವಾರ, ಮಾರ್ಚ್ 7
ಕ್ಯಾಂಟೀನಿನಲ್ಲಿ ವಾರದ ವಾಫಲ್. ತಪ್ಪು ನನ್ನದೆಂದು ಆಗಲೇ ಹಬ್ಬಿಸಿದ್ದಾರೆ. "ಜಾಮ್ ಬೇಕಾ ಇಂಗುನ್?" — ಸಹೋದ್ಯೋಗಿಗಳು ಕೊಟ್ಟರು, ಬೇರೆ ಮೇಜಿಗೆ ಹೋದರು. ಆರು ಕುರ್ಚಿ, ನಾನೊಬ್ಬಳು. ತಣ್ಣಗಾದದ್ದನ್ನೇ ತಿಂದೆ.

ಶನಿವಾರ, ಮಾರ್ಚ್ 8
ಫೋನಿನಲ್ಲಿ ಸಾವಿರದ ನಾನೂರು ನಂಬರು. 'ಹೇಗಿದ್ದೀಯ' ಎಂದು ಒಂದು ಕರೆಯೂ ಬರಲಿಲ್ಲ. ಬೆರಿಟ್‌ಗೆ ಮಾಡಿದೆ. ಎತ್ತಲಿಲ್ಲ... ಟಿವಿಯಲ್ಲಿ ಸ್ಕಾರ್ವಿಕದ ಚರ್ಚು, ಮೇಣದಬತ್ತಿಗಳು. ಸತ್ತವರಲ್ಲಿ ಒಬ್ಬಳ ತಾಯಿ ಹೇಳುತ್ತಿದ್ದಳು: "ನಾವು ಬರೆದಿದ್ವಿ. ಯಾರೂ ಓದಲೇ ಇಲ್ಲ."
ಓದಿದರಮ್ಮ. ಓದಿದರು.

ಸೋಮವಾರ, ಮಾರ್ಚ್ 10. ಬೆಳಿಗ್ಗೆ 9.52
ಗೋಷ್ಠಿ ಹತ್ತಕ್ಕೆ. ಬಾಗಿಲಾಚೆ ಹಾಲ್ವಾರ್: "ಚಿಕ್ಕದಾಗಿ ಹೇಳು, ಕ್ಷಮೆ ಕೇಳು, ಸಾಕು." ಟಿಪ್ಪಣಿಯ ಮೂವತ್ತು ನಕಲು ತೆಗೆದಿದ್ದೇನೆ. ಕೆಲಸ ಹೋಗುತ್ತದೆ. ಕೋರ್ಟಿಗೂ ಎಳೆಯಬಹುದು. ಎಳೆಯಲಿ. ಗೋಷ್ಠಿಯಲ್ಲಿ ನಾಲಿಗೆ ತೊದಲಬಾರದು, ಅದಕ್ಕೇ ಇಲ್ಲೊಮ್ಮೆ ಬರೆದುಕೊಳ್ಳುತ್ತೇನೆ:
'ಕಾಗದ ಬಂದಿತ್ತು. ಬಂದಿಲ್ಲವೆಂದು ಸುಳ್ಳು ಬರೆದವಳು ನಾನು. ಜನವರಿ ಹದಿನೇಳಕ್ಕೆ ಅದನ್ನು ಓದಿ, ಉತ್ತರ ಬೇಡ ಎಂದವರು —