ಟಿವಿಗೆ ಆಮೆನ್ ಹೇಳಲು ನಮಗೆ ಬರುವುದಿಲ್ಲ

ಸಭಾ ಮಂಡಳಿಯ ತರಬೇತಿ ಸಮಿತಿಯ ಮಾನ್ಯ ಅಧ್ಯಕ್ಷರೇ,

ನೀವು ಕಳಿಸಿದ ಟಿವಿ ಸುಖವಾಗಿದೆ. ನಮ್ಮಲ್ಲಿ ಕಿರಿಯಳಾದ ಮಿಸನ್ ಸುಖವಾಗಿಲ್ಲ. ನಮ್ಮ ಚರ್ಚಿಗೆ ಸಭಾಪಾಲಕರಿಲ್ಲದ ಎರಡು ವರ್ಷ ಬೆಳಗಿನ ಜಾವದ ಪ್ರಾರ್ಥನೆ ನಡೆಸಿದವಳು ಅವಳು. ಪಟ್ಟಣದ ತರಬೇತಿಯ ಪ್ರಮಾಣಪತ್ರವಿಲ್ಲವೆಂದು ನೀವು ಒಂದೇ ಕಾಗದದಲ್ಲಿ ಅವಳನ್ನು ಕೆಳಗಿಳಿಸಿದಿರಿ. ಅವಳ ಜಾಗದಲ್ಲಿ ಈಗ ತಮ್ಮದೇ ಚಿತ್ರೀಕರಿಸಿದ ಪ್ರಸಂಗ. ಜೆಜು ದ್ವೀಪದ ಈ ಮೂಲೆಯಲ್ಲಿ ಹನ್ನೊಂದು ಮಂದಿ ಮುದುಕಿಯರು ಟಿವಿಯ ಮುಂದೆ ಕಣ್ಣುಮುಚ್ಚಿ ಕೂರುತ್ತೇವೆ. ಆ ಕಾಗದದ ತಲೆಬರಹ ‘ಮುಂದಿನ ಪೀಳಿಗೆಯ ನಾಯಕರನ್ನು ಬೆಳೆಸೋಣ’ ಎಂದಿತ್ತು. ನಗಬೇಕೆನಿಸಿತು, ನಗುವಷ್ಟು ತ್ರಾಣವಿರಲಿಲ್ಲ.

ತರಬೇತಿ ಬೇಡವೆಂದು ನಾನು ಹೇಳುತ್ತಿಲ್ಲ. ಆದರೆ ವಾರಕ್ಕೆ ನಾಲ್ಕು ದಿನ ಪಟ್ಟಣಕ್ಕೆ ಬಾ ಎಂದರೆ, ಕಡಲಿನ ಇಳಿತ ತಮ್ಮ ವೇಳಾಪಟ್ಟಿ ನೋಡಿಕೊಂಡು ಬರುತ್ತದೆಯೇ? ನಾವು ಉಸಿರು ಕಟ್ಟಿ ಮುಳುಗಿ ಚಿಪ್ಪು, ಶಂಖ ತೆಗೆದು ಬದುಕುವ ಹೆಂಗಸರು. ನಮ್ಮಲ್ಲೊಂದು ಪದ್ಧತಿಯಿದೆ. ಹೊಸದಾಗಿ ಮುಳುಗುವವಳ ಬಲೆಚೀಲ ಖಾಲಿಯಿದ್ದರೆ, ಹಿರಿಯಳೊಬ್ಬಳು ತನ್ನ ಚೀಲದಿಂದ ಎರಡು ಒಳ್ಳೆಯ ಚಿಪ್ಪು ತೆಗೆದು ಅದಕ್ಕೆ ಹಾಕುತ್ತಾಳೆ. ಖಾಲಿ ಚೀಲ ಹೊತ್ತು ಮನೆಗೆ ಹೋದವಳು ನಾಳೆ ಬರುವುದಿಲ್ಲ, ಅಷ್ಟೇ.

ನನಗೆ ಇಪ್ಪತ್ತಮೂರಾಗಿದ್ದಾಗ ನಮ್ಮತ್ತೆ ಸಭೆಯ ಮುಂದೆ ನನ್ನನ್ನು ಪ್ರಾರ್ಥನೆಗೆ ನಿಲ್ಲಿಸಿದರು. “ಕರುಣಾಳುವಾದ ತಂದೆಯೇ” ಎಂದೆ. ಮುಂದಕ್ಕೆ ನಾಲಿಗೆ ಹೊರಳಲಿಲ್ಲ. ಮುಂದಿನ ಸಾಲಿನಿಂದ ಅತ್ತೆ ಗಟ್ಟಿಯಾಗಿ “ಆಮೆನ್!” ಎಂದುಬಿಟ್ಟರು. ಎಲ್ಲರೂ ಆಮೆನ್ ಎಂದರು. ಹೊರಗೆ ಬಂದಮೇಲೆ, “ಎರಡು ಮಾತಾಡಿದ್ಯಲ್ಲ, ಸಾಕು ಬಿಡೇ. ದೇವ್ರೇನು ಕಿವುಡನಾ? ನಾಳೆ ಮೂರಾಡು,” ಎಂದರು. ನನ್ನ ತರಬೇತಿ ಮುಗಿಯಿತು.

ಮಿಸನ್ ಮೊದಲ ದಿನ, ಮೂರು ದಿನ ಮೀನಿನ ಹೊಟ್ಟೆಯಲ್ಲಿದ್ದ ಪ್ರವಾದಿಯ ಕಥೆ ಎತ್ತಿಕೊಂಡಳು. ನನ್ನ ಜೊತೆ ಮುಳುಗುವ ಚುನ್‌ಹ್ವಾ ಸುಮ್ಮನಿರಬೇಕಲ್ಲ. “ಮೂರು ದಿನ ಉಸಿರು ಕಟ್ಟಿದ್ನಾ? ನಂಗೆ ಎರಡು ನಿಮಿಷಕ್ಕೇ ಪ್ರಾಣ ಬಾಯಿಗ್ ಬರುತ್ತಮ್ಮಾ!” ಸಭೆಯೆಲ್ಲ ನಗು. ಮಿಸನ್‌ಗೆ ಹೇಳುತ್ತಿದ್ದದ್ದೇ ಮರೆತುಹೋಯಿತು. ನಾನು ಆಮೆನ್ ಎಂದೆ. ಎರಡನೇ ವರ್ಷ ಅವಳು ಎಷ್ಟು ಚೆನ್ನಾಗಿ ಹೇಳುತ್ತಿದ್ದಳೆಂದರೆ, ನಾವು ಆಮೆನ್ ಹೇಳುವುದನ್ನೇ ಮರೆಯುತ್ತಿದ್ದೆವು.

ತಾವು ಪ್ರಸಂಗದಲ್ಲಿ ಬಾಯಿತುಂಬ ಹೊಗಳುವ ಆ ಅಪೊಸ್ತಲ ತನ್ನ ಕಿರಿಯ ಶಿಷ್ಯನನ್ನು ಜೊತೆಗಿಟ್ಟುಕೊಂಡು ದೇವರ ಮಾತು ಸಾರುತ್ತ ಊರೂರು ಅಲೆದ. ಪ್ರಮಾಣಪತ್ರ ಕೇಳಿದನೇ? ಆ ಶಿಷ್ಯನಿಗೆ ಮೊದಲು ನಂಬಿಕೆ ಕಲಿಸಿದ್ದು ಅವನ ಅಜ್ಜಿ ಮತ್ತು ತಾಯಿ. ಅವರು ನಿಮ್ಮ ಸಮಿತಿಗೆ ಅರ್ಜಿ ಹಾಕಿದ್ದರೆ ಅವರ ಗತಿ ಏನಾಗುತ್ತಿತ್ತೋ!

ಮಿಸನ್ ಈಚೆಗೆ ಬಾಗಿಲ ಬಳಿ ಕೊನೆಯ ಸಾಲಿನಲ್ಲಿ ಕೂರುತ್ತಿದ್ದಳು. ನಿನ್ನೆ, “ದೊಡ್ಡಮ್ಮಾ, ನಾಳೆಯಿಂದ ನಾನು ಬರಲ್ಲ. ಟಿವಿ ಹಾಕೋಕೆ ನಾನ್ಯಾಕೆ? ಗುಂಡಿ ಒತ್ತೋಕೆ ನಿಮಗೂ ಬರುತ್ತಲ್ಲ,” ಎಂದಳು. “ಬರುತ್ತೆ” ಎಂದುಬಿಟ್ಟೆ. ಅವಳ ಚೀಲ ಖಾಲಿಯಿದ್ದದ್ದು ಕಾಣುತ್ತಿದ್ದರೂ ನನ್ನ ಕೈ ಮುಂದೆ ಹೋಗಲಿಲ್ಲ. ಅದಕ್ಕೆ ನನ್ನನ್ನು ನಾನೇ ಇಡೀ ದಿನ ಬೈದುಕೊಂಡೆ. ಈ ಪತ್ರ ಬರೆಯುತ್ತಿರುವುದೂ ಅದಕ್ಕೇ.

ಆ ಕಾಗದವನ್ನು ವಾಪಸ್ ತೆಗೆದುಕೊಳ್ಳಿ. ಮಿಸನ್‌ಳನ್ನು ಅವಳ ಜಾಗಕ್ಕೆ ಕರೆಯಿರಿ. ಕಲಿಸಲೇಬೇಕೆಂದಿದ್ದರೆ, ನಾವು ಕಡಲಿಗಿಳಿಯದ ದಿನ ನೋಡಿ ಇಲ್ಲಿಗೇ ಬಂದು ಕಲಿಸಿ. ಬಂದಾಗ ತಾವೂ ಒಮ್ಮೆ ಈ ಮುದುಕಿಯರ ಮುಂದೆ ನಿಂತು, ಕೈಯಲ್ಲಿ ಚೀಟಿಯಿಲ್ಲದೆ ಪ್ರಾರ್ಥಿಸಿ. ಟಿವಿಯಲ್ಲಿ ತಾವು ಎಲ್ಲೂ ತಡವರಿಸುವುದಿಲ್ಲ, ನಾವು ಬಾಯಿ ತೆರೆಯುವಷ್ಟರಲ್ಲಿ ಮುಂದಿನ ವಾಕ್ಯಕ್ಕೆ ಹೋಗಿರುತ್ತೀರಿ. ಇಲ್ಲಿ ತಡವರಿಸಿದರೆ ಹೆದರಬೇಡಿ. ಮುಂದಿನ ಸಾಲಿನಲ್ಲಿ ನಾನಿರುತ್ತೇನೆ. ಆಮೆನ್ ಹೇಳುತ್ತೇನೆ.

ಇಂತಿ,
ಎಪ್ಪತ್ತಾಯಿತೆಂದು ತಾವು ಚರ್ಚಿನ ಸೇವೆಯಿಂದ ನಿವೃತ್ತಿ ಕೊಟ್ಟ, ಸಮುದ್ರ ಇನ್ನೂ ಕೊಡದ, ಇವತ್ತಿನಿಂದ ಟಿವಿಯ ಗುಂಡಿ ಒತ್ತುವ
ಬು ಒಕ್‌ಸುನ್