ಓದಬಹುದು, ತಿದ್ದುವಂತಿಲ್ಲ

ಮಾರ್ಚ್ 3, ಸೋಮವಾರ

ಚೀಲ ಇಳಿಸುವ ಮುಂಚೆಯೇ ಯಜಮಾನರ ಕರೆ. ನಮ್ಮ ಪ್ರಕಾಶನದ ಪುಸ್ತಕಗಳೆಲ್ಲ ಇರುವುದು ಕಪಾಟಿನ ಮೇಲಿನ ಒಂದು ಕಪ್ಪು ಡಬ್ಬಿಯಲ್ಲಿ. ಆರೂ ಕಂಪ್ಯೂಟರಿಗೆ ಅದೇ ಉಗ್ರಾಣ. ಯಾರು ಬೇಕಾದರೂ ಏನನ್ನಾದರೂ ತೆರೆಯಬಹುದು, ಅಳಿಸಬಹುದು. ಶುಕ್ರವಾರ ಡಿಸೈನರ್ ಅಣ್ಣನ ಹೊಸ ಮುಖಪುಟ ಮಾಯ.

"ಇದೇನು ಡಬ್ಬಿನೋ ಸಂತೆನೋ! ಯಾರಿಗೆಷ್ಟು ಬೇಕೋ ಅಷ್ಟೇ ಬಾಗಿಲು ತೆಗಿ. ನೀನೇ ಮಾಡಮ್ಮ, ಓದಿದೋಳು."

ಓದಿದ್ದು ಸಾಹಿತ್ಯ... ತಲೆಯಾಡಿಸಿದೆ.

ಸಂಜೆ 5

ಆಯಿತು. ಪ್ರತಿ ಹೆಸರಿನ ಮುಂದೆ ಮೂರು ಚೌಕ — ಓದಬಹುದು, ಬರೆಯಬಹುದು, ಏನೂ ಇಲ್ಲ. ವಿಚಿತ್ರ ಅಧಿಕಾರ. ಈ ಜನರ ಜೊತೆ ಕಣ್ಣೆತ್ತಿ ಮಾತಾಡಲಾರೆ, ಅವರಿಗೆ ಬಾಗಿಲು ಮುಚ್ಚಬಲ್ಲೆ. ಪ್ರೂಫ್ ನೋಡುವ ಅಕ್ಕನಿಗೆ ಮುಖಪುಟದ ಫೋಲ್ಡರಿನಲ್ಲಿ ಓದು ಮಾತ್ರ.

ಮಾರ್ಚ್ 4

ಅಕ್ಕ ಕೂತಲ್ಲಿಂದಲೇ ಕೂಗಿದರು. "ಪುಟ್ಟೀ, ಸೇವ್ ಮಾಡಕ್ಕೆ ಹೋದ್ರೆ ಏನೋ ಕೇಳ್ತಿದೆ ಕಣೇ."

"ಓಕೆ ಒತ್ತಿ ಅಕ್ಕಾ."

"ಒತ್ತಿದೆ. ಸುಮ್ಮನಾಯ್ತು, ಥೇಟ್ ನಿನ್ನ ಥರ."

ಎಲ್ಲರೂ ನಕ್ಕರು, ನಾನೂ. ಎದ್ದು ಹೋಗಿ ನೋಡಲಿಲ್ಲ.

ಮಾರ್ಚ್ 21

ಅಕ್ಕ ಪ್ರೂಫ್ ನೋಡಿದ ಪುಸ್ತಕ ಅಚ್ಚಾಗಿ ಬಂತು. ಪುಟ 112ರಲ್ಲಿ ಒಂದೇ ಪ್ಯಾರಾ ಎರಡು ಸಲ. ಅರ್ಪಣೆಯಲ್ಲಿ ಲೇಖಕರ ತಾಯಿಯ ಹೆಸರೇ ತಪ್ಪು. ಲೇಖಕರು ಫೋನಿನಲ್ಲಿ ಅತ್ತರಂತೆ. ಯಜಮಾನರು ಎಲ್ಲರೆದುರೇ ಅಂದರು — "ಇಪ್ಪತ್ತಾರು ವರ್ಷ ಪಳಗಿದ ಕಣ್ಣು ಅಂತ ನಂಬಿ ಕೂತಿದ್ದೆ, ಅಕ್ಕೋರೇ."

"ತಿದ್ದಿದ ನೆನಪು..." ಅಕ್ಕ ಅಲ್ಲಿಗೇ ಬಿಟ್ಟರು. ಅವರು ವಾಕ್ಯವನ್ನು ಅರ್ಧಕ್ಕೆ ಬಿಟ್ಟದ್ದು ನಾನು ಕಂಡಂತೆ ಇದೇ ಮೊದಲು.

ಮಾರ್ಚ್ 22, ಬೆಳಿಗ್ಗೆ 8.30

ಎಲ್ಲರಿಗಿಂತ ಮೊದಲು ಬಂದೆ. ಅಕ್ಕನ ಕಂಪ್ಯೂಟರ್ ತೆರೆದೆ. ಅಲ್ಲೇ ಇದೆ — ಪೂರ್ತಿ ತಿದ್ದಿದ ಪುಸ್ತಕ. ತಾಯಿಯ ಹೆಸರು ಸರಿ. 112 ಸರಿ.

ನಾನು 'ಓದು ಮಾತ್ರ' ಅಂತ ಗುರುತು ಹಾಕಿದ್ದು ಮುಖಪುಟದ ಫೋಲ್ಡರಿಗಲ್ಲ, ಎಲ್ಲವನ್ನೂ ಹೊಟ್ಟೆಯಲ್ಲಿಟ್ಟುಕೊಂಡ ದೊಡ್ಡ ಫೋಲ್ಡರಿಗೆ. ಡಬ್ಬಿ ಅಕ್ಕನ ತಿದ್ದುಪಡಿಗಳನ್ನು ಒಳಗೆ ಬಿಟ್ಟಿಲ್ಲ. ಓಕೆ ಒತ್ತಿದಾಗ ತಿದ್ದಿದ ಪ್ರತಿ ಅವರ ಕಂಪ್ಯೂಟರಿನಲ್ಲೇ ಉಳಿದಿದೆ. ದಿನವೂ ಅದನ್ನೇ ತೆರೆದು ತಿದ್ದಿದ್ದಾರೆ. ಅಚ್ಚಿಗೆ ಹೋದದ್ದು ಡಬ್ಬಿಯಲ್ಲಿದ್ದ ಹಳೆಯ ಕರಡು.

ಗುರುತು ಸರಿಪಡಿಸಿದೆ. ಎರಡು ನಿಮಿಷದ ಕೆಲಸ. ಹೇಳಬೇಕು. ಊಟದ ಹೊತ್ತಿಗೆ ಹೇಳುತ್ತೇನೆ.

ಮಾರ್ಚ್ 27

ಹೇಳಿಲ್ಲ.

ಅಕ್ಕ ಈಗ ಪ್ರತಿ ಸಾಲಿನ ಕೆಳಗೂ ಸ್ಕೇಲ್ ಇಟ್ಟು ಓದುತ್ತಾರೆ, ಮೂರು ಮೂರು ಸಲ. "ಕಣ್ಣಿನ ಡಾಕ್ಟರ್ ಹತ್ರ ಹೋಗಿದ್ದೆ ಕಣೇ. ಕಣ್ಣು ಚೆನ್ನಾಗಿದೆಯಂತೆ. ಅಂದ್ರೆ ಕೆಟ್ಟಿರೋದು ತಲೆ." ತಾವೇ ನಕ್ಕರು. ನಾನು ನನ್ನ ಪರದೆಯ ಕಡೆ ತಿರುಗಿಕೊಂಡೆ. ನಾಚಿಕೆ ಸ್ವಭಾವ ಅಂತ ಎಲ್ಲರೂ ನನಗೆ ರಿಯಾಯಿತಿ ಕೊಡುತ್ತಾರೆ. ಇದು ನಾಚಿಕೆಯಲ್ಲ, ಪುಕ್ಕಲುತನ.

ಏಪ್ರಿಲ್ 2, 11.40

ಅಕ್ಕ ಈಗಷ್ಟೇ ಒಂದು ಹಾಳೆ ತಂದಿಟ್ಟರು. ರಾಜೀನಾಮೆ.

"ಯಜಮಾನ್ರಿಗೆ ಕೊಡೋ ಮುಂಚೆ ಒಂದ್ಸಲ ಪ್ರೂಫ್ ನೋಡಮ್ಮ. ನನ್ನನ್ನ ಈಗ ನಾನೇ ನಂಬಲ್ಲ."

ಕಿಟಕಿಯ ಹತ್ತಿರ ಕಾಯುತ್ತಿದ್ದಾರೆ. ನಾನು ಹಾಳೆಯ ಪಕ್ಕ ಈ ದಿನಚರಿ ಬಿಚ್ಚಿ ಗೀಚುತ್ತಿದ್ದೇನೆ — ತಡಮಾಡುವುದಕ್ಕೇ.

ಹನ್ನೊಂದು ಸಾಲು. ಒಂದು ಅಕ್ಷರವೂ ತಪ್ಪಿಲ್ಲ. ಮೂರನೆಯ ಸಾಲು: 'ನನ್ನ ಗಮನ ಮೊದಲಿನಂತಿಲ್ಲ.' ಅದರ ಮೇಲೆ ಕೆಂಪು ಗೆರೆ ಎಳೆದೆ.

"ಸಿಕ್ತಾ ತಪ್ಪು?"

"ಸಿಕ್ತು ಅಕ್ಕಾ."

ಕನ್ನಡಕ ಏರಿಸಿಕೊಳ್ಳುತ್ತಾ ಇತ್ತಲೇ ಬರುತ್ತಿದ್ದಾರೆ. ಪೆನ್ನು ಕೆಳಗಿಡಬೇಕು. ಮೊದಲ ವಾಕ್ಯ ಇಷ್ಟೇ — ಅಕ್ಕಾ, ಅದು ನಾನು