ಹೇಗಿದ್ದರೂ ನಮಗೇ

ಜುಲೈ 9, ಬೆಳಿಗ್ಗೆ 7
ಮತ್ತೆ ಅದೇ ಮತದಾರರ ಪಟ್ಟಿ. ವಯಸ್ಸು, ಬಣ್ಣ, ಓದು, ಚರ್ಚು. ಮಿಲ್ವಾಕಿ ನಗರದ ಉತ್ತರ ಭಾಗದ ನಮ್ಮ ಕಪ್ಪು ಜನರ ಬೀದಿಗಳೂ ಅದರಲ್ಲೊಂದು ಸಾಲು. ಗವರ್ನರ್ ಲಿಂಡ್‌ಕ್ವಿಸ್ಟ್ ಅಧ್ಯಕ್ಷ ಸ್ಥಾನಕ್ಕೆ ನಿಂತಿದ್ದಾರೆ. ಉಪಾಧ್ಯಕ್ಷರಾಗಿ ಯಾರು ಜೊತೆಗೆ? ಉಳಿದಿರುವುದು ಎರಡೇ ಹೆಸರು. ಸೆನೆಟರ್ ವರ್ನೆಲ್ ಗ್ಯಾಸ್ಕಿನ್ಸ್, ನಮ್ಮವಳು. ಇಲ್ಲವೇ ಡ್ರೈಲಿಂಗ್, ಹಾಲಿನ ಡೇರಿಗಳ ಹಳ್ಳಿಗಾಡಿನ ಬಿಳಿಯ. ಯಾರಿಂದ ಎಷ್ಟು ಓಟು... ಹನ್ನೊಂದನೇ ತಾರೀಖಿನೊಳಗೆ ಬರೆದುಕೊಡಬೇಕು. ಗವರ್ನರರ ಪ್ರಚಾರದ ಆಫೀಸಿನಲ್ಲಿ ಅದೇ ನನ್ನ ಕೆಲಸ.

ಜುಲೈ 11
ಕೊಟ್ಟೆ. ಡ್ರೈಲಿಂಗ್ ಬಂದರೆ ಹಳ್ಳಿಗಾಡಿನಲ್ಲಿ ಮೂವತ್ತು ಸಾವಿರ ಹೆಚ್ಚು. ಗ್ಯಾಸ್ಕಿನ್ಸ್ ಬಂದರೆ ಅಲ್ಲಿ ನಷ್ಟ. ನಮ್ಮ ಬೀದಿಗಳ ಓಟಿನ ಮುಂದೆ ಬರೆದದ್ದು — 'ಹೇಗಿದ್ದರೂ ನಮಗೇ.' ಬರೆದು ಮುಂದಿನ ಸಾಲಿಗೆ ಹೋದೆ.

ಜುಲೈ 29
ಡ್ರೈಲಿಂಗ್. ಟೀವಿಯಲ್ಲಿ ಇಬ್ಬರೂ ಕೈಯೆತ್ತಿ ನಿಂತರು. ಆಫೀಸಿನಲ್ಲಿ ಚಪ್ಪಾಳೆ. ನನ್ನ ಬೆನ್ನು ತಟ್ಟಿದರು.

ಆಗಸ್ಟ್ 3, ಭಾನುವಾರ
ಚರ್ಚ್ ಮುಗಿಸಿ ಅರ್ಲೀನ್ ದೊಡ್ಡಮ್ಮನ ಮನೆಯಲ್ಲಿ ಊಟ. ಅಮ್ಮ ಹೋದ ಮೇಲೆ ನನ್ನನ್ನು ಸಾಕಿದವಳು. ಈಗ ಎಪ್ಪತ್ತೆಂಟು. ನಲವತ್ತು ವರ್ಷದಿಂದ ಪ್ರತಿ ಚುನಾವಣೆಗೂ ಚರ್ಚಿನ ವ್ಯಾನು ಹೊರಡಿಸಿ, ಮಂಡಿನೋವಿನ ಮುದುಕಿಯರನ್ನೂ ಮುನಿಸಿಕೊಂಡ ಗಂಡಸರನ್ನೂ ಬೂತಿಗೆ ಕರೆದೊಯ್ದವಳು. ಕರಿದ ಮೀನು ಬಡಿಸುತ್ತ, ಗ್ಯಾಸ್ಕಿನ್ಸ್‌ಳನ್ನು ಯಾಕೆ ಬಿಟ್ಟರೆಂದು ಕೇಳಿದಳು. ಹಳ್ಳಿ ಕಡೆಯ ಓಟು ಅಂದೆ. ಹಾಗಾದರೆ ನಮ್ಮದು? ಎಂದಳು. ಸುಳ್ಳು ಹೇಳಲಾಗಲಿಲ್ಲ. ಪಟ್ಟಿಯಲ್ಲಿದ್ದದ್ದನ್ನೇ ಹೇಳಿದೆ.

ಬಡಿಸುವ ಸೌಟನ್ನು ಕೆಳಗಿಟ್ಟಳು. ಆಮೇಲೆ —

"ಯಾರು ಬರೆದಿದ್ದು ಕಣೇ ಅದು? ನೀನಾ?"

"ಹೂಂ ದೊಡ್ಡಮ್ಮ."

"ಹಳೇ ಹೆಂಡ್ತಿ ಥರ ಆಗೋದ್ವಲ್ಲೇ ನಾವು. ಎಲ್ಲಿಗ್ ಹೋಗ್ತಾಳೆ, ಮನೇಲೇ ಬಿದ್ದಿರ್ತಾಳೆ ಅಂತ."

ಅಕ್ಟೋಬರ್ 19
ಸಮೀಕ್ಷೆಯಲ್ಲಿ ಹಳ್ಳಿಗಾಡಿನ ಅಂಕಿ ಏರುತ್ತಿದೆ, ನಾನು ಹೇಳಿದಷ್ಟೇ. ನಮ್ಮ ಬೀದಿಗಳದ್ದು ಇಳಿಯುತ್ತಿದೆ. ನಿನ್ನ ದೊಡ್ಡಮ್ಮನ ಹತ್ತಿರ ಮಾತಾಡು ಅಂದರು ಆಫೀಸಿನವರು. ಹೋದೆ. ತನ್ನ ಓಟು ತಾನು ಹಾಕುತ್ತಾಳಂತೆ. ಆ ಹಕ್ಕಿಗಾಗಿ ಅವಳಪ್ಪ, ಕಪ್ಪು ಜನರಿಗೆ ಓಟು ಹಾಕಲು ಬಿಡದಿದ್ದ ಅಲಬಾಮದಲ್ಲಿ ಏಟು ತಿಂದವನು. ಆದರೆ ವ್ಯಾನು ಹೊರಡುವುದಿಲ್ಲ.

"ಯಾರ ಬಾಗ್ಲೂ ತಟ್ಟಲ್ಲ ನಾನು. ಏನಂತ ಹೇಳ್ಲಿ ರೆನೀಟಾ? ನಿಮ್ಮನ್ನ ಆಗ್ಲೇ ಎಣಿಸಿಟ್ಟಿದ್ದಾರೆ, ಬನ್ನಿ ಅಂತಲಾ?"

ನವೆಂಬರ್ 4, ಮಧ್ಯಾಹ್ನ 2
ಇಂದು ಓಟು. ಬೆಳಿಗ್ಗೆಯಿಂದ ನಾನೇ ಮನೆಮನೆಗೆ ಹೋದೆ, ನನ್ನ ಕಾರಿನಲ್ಲಿ. ಬಂದವರು ಹನ್ನೊಂದು ಜನ. ಉಳಿದವರು ಬಾಗಿಲು ತೆರೆದು, ಅರ್ಲೀನ್ ಬರಲಿಲ್ಲವಾ ಎಂದು ಕೇಳಿ, ಮೆಲ್ಲಗೆ ಮುಚ್ಚಿಕೊಂಡರು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ನವೆಂಬರ್ 6
ಹಳ್ಳಿಗಾಡಿನಿಂದ ಮೂವತ್ತೊಂದು ಸಾವಿರ ಹೆಚ್ಚು ಬಂತು. ಮಿಲ್ವಾಕಿಯಲ್ಲಿ ನಮಗೆ ಹಾಕುತ್ತಿದ್ದ ನಲವತ್ತು ಸಾವಿರ ಜನ ಮನೆಯಲ್ಲೇ ಉಳಿದರು. ನಮ್ಮ ವಿಸ್ಕಾನ್ಸಿನ್ ರಾಜ್ಯ ಕೈತಪ್ಪಿತು. ಅದರೊಂದಿಗೆ ದೇಶವೂ. ಆಫೀಸಿನಲ್ಲಿ ಎಲ್ಲರೂ, ಮನೆಯಲ್ಲಿ ಕೂತವರನ್ನೇ ಶಪಿಸುತ್ತಿದ್ದಾರೆ. ತಪ್ಪು ಅವರದಲ್ಲ, ನನ್ನದು ಅಂದೆ.

ನವೆಂಬರ್ 9, ಭಾನುವಾರ
ಚರ್ಚಿನಲ್ಲಿ ಕೊನೆಯ ಬೆಂಚು. ಕ್ಷಮೆ ಕೇಳಬೇಕೆಂದೇ ಹೋಗಿದ್ದೆ. ದೊಡ್ಡಮ್ಮ ತಾನಾಗಿಯೇ ಬಂದು ಪಕ್ಕದಲ್ಲಿ ಕೂತಳು. ಕಣ್ಣು ಊದಿತ್ತು. ಗೆದ್ದವರು ಅಧಿಕಾರಕ್ಕೆ ಬಂದರೆ ನಮ್ಮ ಬೀದಿಗಳ ಪಾಡೇನು ಅನ್ನುವುದು ನನಗಿಂತ ಅವಳಿಗೆ ಚೆನ್ನಾಗಿ ಗೊತ್ತು. ನನ್ನ ಕೈ ಹಿಡಿದುಕೊಂಡಳು. ಅವಳದು ತುಂಬ ತಣ್ಣಗಿತ್ತು.

"ನಾನ್ ಮಾಡಿದ್ದು ಸರೀನಾ, ಮಗಾ?"

ಅದಕ್ಕೆ ನಾನು, ಮೊದಲು ತಪ್ಪು ಮಾಡಿದವಳು ನಾನು ದೊಡ್ಡಮ್ಮ, ಅಂದೆ.